ಹರಿದುಹೋಯಿತೇ, ಹರಿದುಹಾಕಿದಿರೇ?

ಪುಟ್ಟೀ,

ಸೋಫಾ ಕುಷನ್ ಬಗ್ಗೆ ಬೆಳಿಗ್ಗೆ ನೀನು ಫೋನಿಗೆ ಕಳಿಸಿದ ದೂರಿನ ಪತ್ರ ಓದಿದೆ. ‘ಇಂಗ್ಲಿಷ್ ತಿದ್ದಿಕೊಡಿ ಮಾವ, ಅಂಗಡಿಯವನು ನಗಬಾರದು’ ಅಂದೆಯಲ್ಲ, ಅವನು ನಗುವುದಿಲ್ಲ ಕಣಮ್ಮ, ಖುಷಿಪಡುತ್ತಾನೆ. ನಿನ್ನ ಎರಡನೆಯ ವಾಕ್ಯ ನೋಡು: ‘ವಿ ಹ್ಯಾವ್ ಟೋರ್ನ್ ದಿ ರೆಕ್ಸಿನ್ ವಿದಿನ್ ಫೋರ್ ಮಂತ್ಸ್.’ ನೀನು ‘ಟೇರ್ಡ್’ ಅಂತ ಬರೆದಿದ್ದೆಯಂತೆ, ಫೋನೇ ‘ಟೋರ್ನ್’ ಮಾಡಿತಂತೆ. ವ್ಯಾಕರಣವೇನೋ ಸರಿಹೋಯಿತು. ನಾಲ್ಕೇ ತಿಂಗಳಲ್ಲಿ ನಾವೇ ಹರಿದುಹಾಕಿದೆವು ಎಂಬ ತಪ್ಪೊಪ್ಪಿಗೆ ಹಾಗೇ ಉಳಿಯಿತು.

ನಿನ್ನ ಮನಸ್ಸಿನಲ್ಲಿದ್ದದ್ದು ‘ಹರಿದುಹೋಯಿತು’. ಆ ‘ಹೋಯಿತು’ ಯಾರ ಮೇಲೂ ಬೆರಳು ತೋರುವುದಿಲ್ಲ, ತಾನಾಗಿ ಆಯಿತು ಅನ್ನುತ್ತದೆ. ‘ಹಾಕಿದೆವು’ ಅಂದರೆ ಕೈ ನಮ್ಮದು. ಎರಡಕ್ಷರದ ‘ಹೋಗು’ ಕನ್ನಡದಲ್ಲಿ ಒಬ್ಬ ವಕೀಲನ ಕೆಲಸ ಮಾಡುತ್ತದೆ. ಮನೆಯಲ್ಲಿ ನಾವು ಕರ್ತೃಪದ ನುಂಗಿಯೇ ಮಾತಾಡುವವರು. ಇಂಗ್ಲಿಷಿಗೆ ಹೋದ ತಕ್ಷಣ ಆ ಜಾಗ ಖಾಲಿ ಕಂಡು ‘ವಿ’ಯನ್ನು ತಂದು ಕೂರಿಸುತ್ತೇವೆ. ರೆಕ್ಸಿನ್ನನ್ನೇ ಕೂರಿಸು: ‘ದಿ ರೆಕ್ಸಿನ್ ಹ್ಯಾಸ್ ಟೋರ್ನ್ ಅಲಾಂಗ್ ದಿ ಸೀಮ್ಸ್.’ ಸಾಕು.

‘ಫರ್ನಿಚರ್ಸ್’ನ ಬಾಲದ ‘ಎಸ್’ ಅಳಿಸಿದ್ದೇನೆ. ಅದು ಉಳಿದಿದ್ದರೂ ನಿನ್ನ ದುಡ್ಡು ಹೋಗುತ್ತಿರಲಿಲ್ಲ. ಮೇಷ್ಟರಾಗಿದ್ದಾಗ ಅಂಥದ್ದಕ್ಕೇ ಕೆಂಪು ಗೀಟು ಎಳೆದು ಅರ್ಧ ಆಯಸ್ಸು ಕಳೆದೆ. ಪಕ್ಕದ ಲಕ್ಷ್ಮೀಪುರಂನಲ್ಲಿದ್ದ ಆರ್.ಕೆ. ನಾರಾಯಣ್ ಕಾಲೇಜು ಸೇರುವ ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲೇ ಫೇಲಾದವರು. ಆಮೇಲೆ ಅವರು ಏನಾದರು ಅಂತ ನಿನಗೆ ಹೇಳಬೇಕಿಲ್ಲ.

ಕಾಲದ ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡ. ‘ಹ್ಯಾವ್ ಗಿವನ್ ಆನ್ ಟೆಂತ್ ಮಾರ್ಚ್’ ಅಂತಿದೆ. ತಾರೀಖು ಹಾಕಿದ ಮೇಲೆ ‘ಗೇವ್’. ‘ಪೀಲಿಂಗ್ ಫ್ರಮ್ ಟೂ ಮಂತ್ಸ್’ ಅನ್ನುವುದು ನಮ್ಮ ‘ಎರಡು ತಿಂಗಳಿಂದ’. ಅಲ್ಲಿ ‘ಹ್ಯಾಸ್ ಬೀನ್ ಪೀಲಿಂಗ್ ಸಿನ್ಸ್’ ಎಂದು ಬರೆದು, ಸಿಪ್ಪೆ ಮೊದಲು ಎದ್ದ ದಿನ ಹಾಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಜಿಲ್ಲಾ ಆಯೋಗಕ್ಕೆ ಹೋಗಲು ತಕರಾರು ಹುಟ್ಟಿದ ದಿನದಿಂದ ಎರಡು ವರ್ಷದ ಗಡುವಿದೆ. ಆ ದಿನ ಯಾವುದು ಅಂತ ಕೇಳಿದಾಗ ನಿನ್ನ ಕ್ರಿಯಾಪದವೇ ಉತ್ತರ ಹೇಳಬೇಕು.

ಇನ್ನೊಂದು. ‘ಡಿಫೆಕ್ಟಿವ್ ಸೋಫಾ’ ಅಂದಿದ್ದೀಯ. ಪಾಪ, ಸೋಫಾ ಏನು ಮಾಡಿತು? ನಿಮ್ಮಜ್ಜಿಯ ಕಾಲದ ತೇಗ, ಇನ್ನೂ ಎರಡು ತಲೆಮಾರು ಬಾಳುತ್ತದೆ. ನೀನು ಕೊಟ್ಟದ್ದು ಕುಷನ್ ಮಾಡಿಸಲು. ಕಾಯ್ದೆಯಲ್ಲಿ ವಸ್ತುವಿನ ಕುಂದು ‘ಡಿಫೆಕ್ಟ್’, ಸೇವೆಯ ಕೊರತೆ ‘ಡಿಫಿಷಿಯನ್ಸಿ’. ನಿನ್ನದು ಎರಡನೆಯದು. ‘ಡೂಪ್ಲಿಕೇಟ್ ರೆಕ್ಸಿನ್ ಹಾಕಿದ್ದಾನೆ’ ಅನ್ನುವುದನ್ನು ತೆಗೆದುಬಿಟ್ಟೆ. ಬಟ್ಟೆಯ ಮೇಲಿನ ಪಾಲಿಯುರಿಥೇನ್ ಪದರ ತೇವಕ್ಕೂ ಸಿಪ್ಪೆ ಏಳುತ್ತದೆ. ನೀನು ಕಂಡದ್ದು ಸಿಪ್ಪೆ, ಕಾರಣವನ್ನಲ್ಲ. ಫೋಮಿಗೆ ಬಿಲ್ಲಿನಲ್ಲಿ 40 ಡೆನ್ಸಿಟಿ ಅಂತಿದೆಯಲ್ಲ, ಅದನ್ನು ಇದ್ದ ಹಾಗೇ ಬರೆ. ಕೊನೆಯ ‘ಡು ದ ನೀಡ್‌ಫುಲ್’ ಯಾರಿಗೂ ಏನೂ ಹೇಳುವುದಿಲ್ಲ. ಹೊಸ ರೆಕ್ಸಿನ್ ಹಾಕಿಕೊಡಬೇಕೋ, ದುಡ್ಡು ವಾಪಸ್ ಬೇಕೋ, ಎಷ್ಟು ದಿನದೊಳಗೆ, ಅದನ್ನು ಕೇಳು.

ಅಂಗಡಿಯವನು ಜಗ್ಗದಿದ್ದರೆ 1915ಕ್ಕೆ ಫೋನ್ ಮಾಡು, ಗ್ರಾಹಕರ ಸಹಾಯವಾಣಿ. ಆಯೋಗಕ್ಕೇ ಹೋಗಬೇಕಾದರೂ 5 ಲಕ್ಷದವರೆಗೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದಿಲ್ಲ. ಮೊದಲು ಇಡೀ ಕಥೆಯನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದುಕೋ. ಎಲ್ಲೆಲ್ಲಿ ‘ಹೋಯಿತು’ ಬಂತೋ ಅಲ್ಲಿ ಪೆನ್ಸಿಲ್ ಗೀಟು ಹಾಕಿ, ಆಮೇಲೆ ಇಂಗ್ಲಿಷಿಗೆ ಕೈ ಹಾಕು.

ಉದುರಿದ ಚೂರುಗಳನ್ನು ಗುಡಿಸಿ ಎಸೆಯಬೇಡ ಅಂತ ನಿಮ್ಮಮ್ಮನಿಗೆ ಹೇಳು. ಒಂದು ಕವರಿಗೆ ಹಾಕಿ, ಮೇಲೆ ತಾರೀಖು ಬರೆದಿಡಿ. ಹಿಂದಿನ ವಾರ ನಿಮ್ಮ ಮನೆಗೆ ಬಂದು ಕೂತಾಗ ನನ್ನ ಪಂಚೆಗೆ ಅಂಟಿಕೊಂಡು ಬಂದ ಎರಡು ಚೂರು ಇಲ್ಲೇ ಮೇಜಿನ ಮೇಲಿವೆ. ಅವನ್ನೂ ಒಯ್ಯಿ.