ಇಂಪ್ಲಾಂಟ್ ಹಲ್ಲಿಗೆ ಸ್ಕ್ರೂ ಬೇಕೋ, ಸಿಮೆಂಟ್ ಸಾಕೋ?

ಬೆಂಗಳೂರಿನ ಹಲಸೂರು, ಇಂದಿರಾನಗರದಿಂದ ಕೆ.ಆರ್. ಪುರದವರೆಗೆ ದಂತ ಕ್ಲಿನಿಕ್‌ಗಳ ಬೋರ್ಡಿಗೆ ಬರವಿಲ್ಲ. ಇಂಪ್ಲಾಂಟ್ ಹಾಕಿಸಲು ಹೋದವರು ಯಾವ ಕಂಪನಿಯದು, ಗ್ಯಾರಂಟಿ ಎಷ್ಟು ವರ್ಷ, ಇಎಂಐ ಇದೆಯೇ ಎಂದು ವಿಚಾರಿಸುತ್ತಾರೆ. ದವಡೆಯೊಳಗಿನ ಟೈಟಾನಿಯಂ ಬೇರಿನ ಮೇಲೆ ಕ್ಯಾಪನ್ನು ಹೇಗೆ ಕೂರಿಸುತ್ತಾರೆ ಎಂದು ಕೇಳುವವರು ಕಡಿಮೆ. ಮೊದಲು ಕೇಳಬೇಕಾದ್ದು ಅದನ್ನೇ, ಅದೂ ಶಸ್ತ್ರಚಿಕಿತ್ಸೆಗೆ ಮುಂಚೆ. ಇಂಪ್ಲಾಂಟ್ ಯಾವ ಓರೆಯಲ್ಲಿ ಇಳಿಯಬೇಕೆಂಬುದು ಆ ಉತ್ತರವನ್ನೂ ಅವಲಂಬಿಸಿದೆ.

ಸ್ಕ್ರೂ ವಿಧಾನದಲ್ಲಿ ಕ್ಯಾಪಿನ ನೆತ್ತಿಯಲ್ಲೊಂದು ರಂಧ್ರವಿರುತ್ತದೆ. ಅದರ ಮೂಲಕ ಸ್ಕ್ರೂ ಬಿಗಿದು, ಟೆಫ್ಲಾನ್ ಟೇಪ್ ತುರುಕಿ, ಹಲ್ಲಿನ ಬಣ್ಣದ ಫಿಲ್ಲಿಂಗ್‌ನಿಂದ ಮುಚ್ಚುತ್ತಾರೆ. ಇನ್ನೊಂದರಲ್ಲಿ ಅಬಟ್‌ಮೆಂಟ್ ಎಂಬ ಗೂಟವನ್ನು ಬಿಗಿದು, ಅದರ ಮೇಲೆ ಕ್ಯಾಪನ್ನು ಸಿಮೆಂಟಿನಿಂದ ಅಂಟಿಸುತ್ತಾರೆ. ಸಿಮೆಂಟ್ ಅಂದಮಾತ್ರಕ್ಕೆ ಸ್ಕ್ರೂ ಇಲ್ಲವೆಂದಲ್ಲ. ಅದು ಕ್ಯಾಪಿನಡಿ ಅಡಗಿರುತ್ತದೆ, ಅಷ್ಟೇ. ಸಡಿಲವಾದರೆ ಒಂದರಲ್ಲಿ ಫಿಲ್ಲಿಂಗ್ ತೆಗೆದು ಮತ್ತೆ ಬಿಗಿಯಬಹುದು, ಇನ್ನೊಂದರಲ್ಲಿ ಕ್ಯಾಪನ್ನೇ ಕೊರೆಯಬೇಕಾದೀತು. ಹಾಗಾಗಿ, ಸಾಧ್ಯವಿದ್ದಲ್ಲೆಲ್ಲ ಬಿಚ್ಚಲು ಬರುವ ಕ್ಯಾಪನ್ನೇ ಕೇಳಿ.

ಸ್ಕ್ರೂ ಸಡಿಲವಾಗುವುದೇ ಹೆಚ್ಚಲ್ಲವೇ ಎನ್ನಬಹುದು. ನಿಜ. ದಂತ ಸಂಶೋಧಕಿ ಐರೆನಾ ಸೈಲರ್ ತಂಡದ 2012ರ ಪರಾಮರ್ಶೆಯಲ್ಲಿ ತಾಂತ್ರಿಕ ತೊಂದರೆ ಸ್ಕ್ರೂ ಪಾಲಿಗೂ, ಮೂಳೆ ಸವೆತದಂಥ ಗಂಭೀರ ತೊಂದರೆ ಸಿಮೆಂಟ್ ಪಾಲಿಗೂ ಹೆಚ್ಚು ಬಂದವು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು: ಸಡಿಲ ಸ್ಕ್ರೂ ಅಲುಗಾಡಿ ಎಚ್ಚರಿಸುತ್ತದೆ, ವಸಡಿನಡಿ ಉಳಿದ ಸಿಮೆಂಟ್ ಸದ್ದಿಲ್ಲದೆ ಸೋಂಕಿಗೆ ದಾರಿಯಾಗುತ್ತದೆ. ದಂತವೈದ್ಯ ಥಾಮಸ್ ವಿಲ್ಸನ್ 2009ರಲ್ಲಿ ಸೋಂಕಿನ ಲಕ್ಷಣವಿದ್ದ ಇಂಪ್ಲಾಂಟ್‌ಗಳನ್ನು ಎಂಡೋಸ್ಕೋಪ್‌ನಲ್ಲಿ ನೋಡಿದಾಗ ಶೇ 81ರಲ್ಲಿ ಹೆಚ್ಚುವರಿ ಸಿಮೆಂಟ್ ಸಿಕ್ಕಿತು.

ಸಡಿಲವಾಗುವುದನ್ನೂ ಬಹುಮಟ್ಟಿಗೆ ತಪ್ಪಿಸಬಹುದು. ಬಿಗಿದ ಸ್ಕ್ರೂ ಕೂದಲೆಳೆಯಷ್ಟು ಹಿಗ್ಗಿ, ಸ್ಪ್ರಿಂಗಿನಂತೆ ಹಿಂದಕ್ಕೆಳೆಯುತ್ತದೆ. ಕ್ಯಾಪನ್ನು ಹಿಡಿದಿಡುವುದು ಆ ಎಳೆತವೇ. ಲೋಹದ ಸೂಕ್ಷ್ಮ ಉಬ್ಬುಗಳು ಚಪ್ಪಟೆಯಾದಂತೆ ಎಳೆತ ತುಸು ಇಳಿಯುವುದರಿಂದ ಸುಮಾರು 10 ನಿಮಿಷ ಬಿಟ್ಟು ಮತ್ತೊಮ್ಮೆ ಬಿಗಿಯುವುದು ವಾಡಿಕೆ. ಬಿಗಿತ ಕಂಪನಿ ಹೇಳಿದಷ್ಟಿರಬೇಕು, ಎಷ್ಟೋ ಅಬಟ್‌ಮೆಂಟ್ ಸ್ಕ್ರೂಗಳಿಗೆ 30ರಿಂದ 35 ನ್ಯೂಟನ್ ಸೆಂಟಿಮೀಟರ್. ಕೈಯಂದಾಜು ಇಲ್ಲಿ ನಡೆಯದು. ಟಾರ್ಕ್ ರೆಂಚ್ ಬಳಸುತ್ತೀರಾ ಎಂದು ಸಂಕೋಚವಿಲ್ಲದೆ ಕೇಳಿ.

ಮುಂದಿನ ಹಲ್ಲಿನ ಇಂಪ್ಲಾಂಟ್ ಓರೆಯಾಗಿ, ರಂಧ್ರ ತುಟಿಯ ಕಡೆಗೆ ಬರುವಂತಿದ್ದರೆ ಸಿಮೆಂಟ್ ಬೇಕಾಗಬಹುದು. ಈಗ ಸುಮಾರು 25 ಡಿಗ್ರಿವರೆಗೆ ರಂಧ್ರ ತಿರುಗಿಸುವ ಸ್ಕ್ರೂಗಳಿವೆ, ಅದನ್ನೂ ವಿಚಾರಿಸಿ. ಸಿಮೆಂಟೇ ಗತಿಯಾದರೆ ಕ್ಯಾಪಿನ ಅಂಚು ವಸಡಿನ ಆಳಕ್ಕೆ ಹೋಗಬಾರದು, ಎಕ್ಸ್-ರೇಯಲ್ಲಿ ಕಾಣುವ ಸಿಮೆಂಟನ್ನೇ ಬಳಸಬೇಕು. ಗೂಟ ಗಿಡ್ಡವಾಗಿದ್ದರೆ ಸಿಮೆಂಟಿನ ಹಿಡಿತ ದುರ್ಬಲ. ಅಲ್ಲಿ ಸ್ಕ್ರೂವೇ ಮೇಲು. ಅನುಮಾನವಿದ್ದರೆ ಕುಕ್ ಟೌನ್‌ನ ಎಂ.ಆರ್. ಅಂಬೇಡ್ಕರ್ ದಂತ ಕಾಲೇಜಿನಂಥ ಕಡೆ ಇನ್ನೊಂದು ಅಭಿಪ್ರಾಯ ಪಡೆಯಿರಿ.

ಕೆಲಸಕ್ಕಾಗಿ ಊರು ಬದಲಿಸುವವರೇ ತುಂಬಿರುವ ಬೆಂಗಳೂರಿನ ಈ ಭಾಗದಲ್ಲಿ ಕ್ಯಾಪ್ ಹಾಕಿದವರೇ ಅದನ್ನು ಬಿಚ್ಚುತ್ತಾರೆಂಬ ಭರವಸೆಯಿಲ್ಲ. ಕಂಪನಿಗೊಂದು ಸ್ಕ್ರೂ ತಲೆ, ಅದಕ್ಕೊಂದು ಡ್ರೈವರ್. ಕಂಪನಿ, ಮಾದರಿ, ಅಳತೆ, ಜೋಡಣೆಯ ವಿಧಾನ ಬರೆದ ಕಾರ್ಡ್ ಪಡೆದು ಫೋನಿನಲ್ಲೊಂದು ಫೋಟೊ ಇಟ್ಟುಕೊಳ್ಳಿ. ಕ್ಯಾಪ್ ಅಲುಗಾಡಿದರೆ ಆ ಕಡೆ ಅಗಿಯಬೇಡಿ. ತಡಮಾಡಿದರೆ ಸ್ಕ್ರೂ ಮುರಿದೀತು. ಕಳಚಿ ಬಂದರೆ ಫೆವಿಕ್ವಿಕ್ ಸಾಹಸ ಬೇಡ, ಡಬ್ಬಿಯಲ್ಲಿಟ್ಟು ಕಾರ್ಡಿನ ಜೊತೆ ವೈದ್ಯರಲ್ಲಿಗೆ ಒಯ್ಯಿರಿ.