‘ಎಲ್ಲವೂ ಅವನೇ’, ‘ಎಲ್ಲವೂ ಅವನಿಂದ’

“ಅಲ್ಲಾಹನು ಹತ್ತಿರದಲ್ಲೇ ಇದ್ದಾನೆ” ಎಂದರೆ ಮಕ್ಕಳು ಕೇಳುತ್ತಾರೆ: “ಹಾಗಾದರೆ ಈ ಗೋಡೆಯೂ ಅಲ್ಲಾಹನೇ?” ಗದರಿಸಬೇಡಿ. ಮಹಾ ವಿದ್ವಾಂಸರು ಶತಮಾನಗಳ ಕಾಲ ಚರ್ಚಿಸಿದ ಪ್ರಶ್ನೆಯಿದು.

ಹಾಲೆಂಡಿನ ತತ್ವಜ್ಞಾನಿ ಸ್ಪಿನೋಝಾನ (1632-1677) ಪ್ರಕಾರ ಇರುವುದು ಒಂದೇ ಮೂಲದ್ರವ್ಯ. ದೇವನೆನ್ನಿ, ಪ್ರಕೃತಿಯೆನ್ನಿ, ಎರಡೂ ಅದೇ. ಗೋಡೆ, ಮರ, ಮನುಷ್ಯ ಅದರ ರೂಪಭೇದಗಳು ಮಾತ್ರ. 1656ರಲ್ಲಿ ಆಮ್‌ಸ್ಟರ್‌ಡಾಮಿನ ಯಹೂದಿ ಸಮುದಾಯ ಅವನನ್ನು ಬಹಿಷ್ಕರಿಸಿತು. ಮಸೂರಗಳನ್ನು ಉಜ್ಜಿ ಸರಳವಾಗಿ ಬದುಕಿದ ಅವನ ಪ್ರಾಮಾಣಿಕತೆಯನ್ನು ನಾವು ಸಂದೇಹಿಸಬೇಕಿಲ್ಲ. ಆದರೆ ಅವನ ದೇವನಿಗೆ ಉದ್ದೇಶವಿಲ್ಲ, ಆಯ್ಕೆಯಿಲ್ಲ. ದೇವನನ್ನು ಪ್ರೀತಿಸುವವನು ದೇವನಿಂದ ಮರುಪ್ರೀತಿಯನ್ನು ಬಯಸಲಾರನೆಂದು ಅವನೇ ವಾದಿಸುತ್ತಾನೆ. ಹಾಗಿದ್ದರೆ ದುಆಕ್ಕೆ ಕೈಯೆತ್ತುವುದು ಯಾರ ಮುಂದೆ? ರೋಗಿ ಮಗುವಿನ ಬಳಿ ಕುಳಿತ ತಾಯಿಯ ಮೊರೆಯನ್ನು ಆಲಿಸುವವರಾರು?

ಇಬ್ನು ಅರಬಿಯವರನ್ನೂ (1165-1240) ಕೆಲವರು ಇದೇ ಸಾಲಿಗೆ ಸೇರಿಸುತ್ತಾರೆ. ನಮ್ಮ ನಾಡಿನಲ್ಲಿ ಅದ್ವೈತವನ್ನೂ ಸೇರಿಸಿ ಮೂರೂ ಒಂದೇ ಎನ್ನುವವರಿದ್ದಾರೆ. ಅಷ್ಟು ಆತುರ ಬೇಡ. ‘ವಹ್ದತುಲ್ ವುಜೂದ್’ ಎಂಬ ಪದವನ್ನು ಅವರು ಪಾರಿಭಾಷಿಕವಾಗಿ ಬಳಸಿಯೇ ಇಲ್ಲ, ಅದು ನಂತರದವರು ನೆಲೆಗೊಳಿಸಿದ ಹೆಸರು. ನಿಜವಾದ ಅಸ್ತಿತ್ವ ಅಲ್ಲಾಹನಿಗೆ ಮಾತ್ರ, ಸೃಷ್ಟಿಗಿರುವುದು ಅವನಿಂದ ಪಡೆದ ಅಸ್ತಿತ್ವ ಎಂಬುದು ಅವರ ಆಶಯ. ಶರೀಅತನ್ನು ಅವರು ಕೈಬಿಟ್ಟವರೂ ಅಲ್ಲ. ಆದರೂ ಅವರ ಕೆಲವು ಮಾತುಗಳು ಸಾಮಾನ್ಯರನ್ನು ಗೊಂದಲಕ್ಕೀಡು ಮಾಡುತ್ತವೆ. ಇಬ್ನು ತೈಮಿಯ್ಯಾ (1263-1328) ಅವುಗಳನ್ನು ಕಟುವಾಗಿ ಖಂಡಿಸಿದರು.

ಶೈಖ್ ಅಹ್ಮದ್ ಸರ್‌ಹಿಂದಿ (1564-1624) ಹೊರಗೆ ನಿಂತು ಟೀಕಿಸಿದವರಲ್ಲ. ಆ ಹಾದಿಯಲ್ಲೇ ನಡೆದು ಮುಂದೆ ಹೋದವರು. ಅವರ ಪತ್ರಗಳಲ್ಲಿ ಸೊಗಸಾದ ಉದಾಹರಣೆಯಿದೆ. ಹಗಲಿನಲ್ಲಿ ಸೂರ್ಯನೊಬ್ಬನೇ ಕಾಣುತ್ತಾನೆ, ನಕ್ಷತ್ರಗಳು ಕಾಣುವುದಿಲ್ಲ. ಕಾಣಲಿಲ್ಲವೆಂದು ಅವು ಇಲ್ಲವಾದವೇ? ದೇವಸ್ಮರಣೆಯಲ್ಲಿ ಮುಳುಗಿದವನಿಗೂ ಅಲ್ಲಾಹನ ಹೊರತು ಏನೂ ತೋರದು. ಆದರೆ ಆ ಏಕತೆ ಇರುವುದು ನೋಟದಲ್ಲಿ, ವಸ್ತುಸ್ಥಿತಿಯಲ್ಲಲ್ಲ. ಇದೇ ‘ವಹ್ದತುಶ್ಶುಹೂದ್’. ‘ಹಮಾ ಊಸ್ತ್’ (ಎಲ್ಲವೂ ಅವನೇ) ಎಂಬ ಮಾತಿನ ಬದಲು ‘ಹಮಾ ಅಝ್ ಊಸ್ತ್’ (ಎಲ್ಲವೂ ಅವನಿಂದ) ಎನ್ನುವ ನಿಲುವು.

ಸೂರಃ ಖಾಫ್‌ನ 16ನೇ ವಚನವು ಅಲ್ಲಾಹನು ಮನುಷ್ಯನಿಗೆ ಕಂಠನಾಡಿಗಿಂತಲೂ ಸಮೀಪ ಎನ್ನುತ್ತದೆ. ಸಮೀಪವೆಂದರೆ ಇಬ್ಬರಿರಬೇಕಲ್ಲವೇ? ದಾಸನೇ ಇಲ್ಲವಾದರೆ ಸಾಮೀಪ್ಯ ಯಾರಿಗೆ, ಸುಜೂದ್ ಯಾರದು, ನಾಳೆ ವಿಚಾರಣೆ ಯಾರದು?

ಶಾಹ್ ವಲಿಯುಲ್ಲಾಹ್ (1703-1762) ಈ ಎರಡು ವಾದಗಳ ನಡುವಿನ ಭಿನ್ನತೆ ಬಹುತೇಕ ಪದಗಳದ್ದೆಂದು ಸಮನ್ವಯಕ್ಕೆ ಯತ್ನಿಸಿದರು. ಸರ್‌ಹಿಂದಿಯವರ ಅನುಯಾಯಿಗಳೆಲ್ಲರೂ ಅದನ್ನು ಒಪ್ಪಲಿಲ್ಲ. ಆ ಮಹನೀಯರ ಮಟ್ಟಿಗೆ ಶಾಹ್ ಸಾಹೇಬರ ಮಾತು ಸರಿಯಿರಬಹುದು. ಆದರೆ “ಎಲ್ಲವೂ ಅವನೇ ಆದಾಗ ಪಾಪ ಮಾಡಿದವನಾರು?” ಎಂದು ನುಣುಚಿಕೊಳ್ಳುವವನ ಮುಂದೆ ಅದು ಬರೀ ಪದಗಳ ಭಿನ್ನತೆಯಾಗಿ ಉಳಿಯುವುದಿಲ್ಲ.