ಎಳ್ಳ ಅಮಾವಾಸ್ಯೆಗೆ ಬರುವಾಗ ಒಂದು ಫೋಟೊ ತಾ

ಆಲಮಟ್ಟಿ
ಡಿಸೆಂಬರ್ 2025

ನನ್ನವ್ವಾ,

ಮೊನ್ನೆ ಫೋನಿನಲ್ಲಿ ನೀನು ಆಡಿದ ಮಾತು ಇನ್ನೂ ನನ್ನ ತಲೆಯಿಂದ ಹೋಗಿಲ್ಲ. 'ಅಜ್ಜಾ, ನನಗ ರಾಜಕೀಯ ಬ್ಯಾಡ. ನಾ ಆತು, ನನ್ನ ಓದಾತು' ಅಂದಿ. ನಿನ್ನ ಅಜ್ಜಿ ಪಕ್ಕದಲ್ಲೇ ಕೂತು ಫೋನಿಗೆ ಕೈ ಚಾಚಿದ್ದಳು, ಅದಕ್ಕೇ ಆಗ ಏನೂ ಅನ್ನಲಿಲ್ಲ. ಟಿವಿ ಹಚ್ಚಿದರೆ ಮುಖ್ಯಮಂತ್ರಿ ಕುರ್ಚಿ ಯಾರಿಗೆ, ಯಾರ ಮನೆಯಲ್ಲಿ ಯಾರು ನಾಷ್ಟಾ ಮಾಡಿದರು, ಇದೇ ನಡೆದಿದೆ. ನಿನ್ನ ವಯಸ್ಸಿನವರಿಗೆ ಅದು ಹೇಸಿಕೆ ತರಿಸಿದರೆ ತಪ್ಪಿಲ್ಲ. ಆದರೆ ನೀನು ಆಡಿದ ಮಾತನ್ನೇ ಒಂದು ಕಾಲಕ್ಕೆ ನಾನೂ ಆಡಿದ್ದೆ. ಅದರಿಂದ ನಮ್ಮ ಮನೆಗೆ ಏನಾಯಿತೆಂದು ನಿನಗೆ ಯಾರೂ ಹೇಳಿಲ್ಲ.

1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಇಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದಾಗ ನಾನು ಅಪ್ಪನ ಹೆಗಲ ಮೇಲಿದ್ದೆ. ಅವರು ಆಗಿನ್ನೂ ಪ್ರಧಾನಿ ಆಗಿರಲಿಲ್ಲ. ಐದು ದಿನಕ್ಕೆ ನೆಹರೂ ತೀರಿಕೊಂಡರು. ಅಬ್ದುಲ್ ಕಲಾಂ ಬಂದು ಅಣೆಕಟ್ಟನ್ನು ನಾಡಿಗೆ ಒಪ್ಪಿಸಿದ್ದು 2006ರ ಆಗಸ್ಟ್ 21ಕ್ಕೆ, ನೀನು ಹುಟ್ಟುವ ಹಿಂದಿನ ವರ್ಷ. ನಡುವಿನ ನಲವತ್ತೆರಡು ವರ್ಷ ನಮ್ಮ ಮನೆಯಲ್ಲಿ ನಡೆದದ್ದು ಒಂದೇ ಮಾತು: ನೀರು ಎಲ್ಲಿಗೆ ಬರುತ್ತದೆ?

ನೀರು ಬರುವ ಮೊದಲು ಕಾಗದ ಬಂತು. ಭೂಸ್ವಾಧೀನದ ನೋಟಿಸು. ಅಪ್ಪನಿಗೆ ಓದು ಬರದು. ನಾನು ಮ್ಯಾಟ್ರಿಕ್ ಪಾಸಾದವನು, ಓದಿ ಹೇಳಬಹುದಿತ್ತು. 'ಇದು ಪುಢಾರಿಗಳ ಕೆಲಸ, ನನಗೆ ಬೇಡ' ಎಂದು ಸುಮ್ಮನಿದ್ದೆ. ಪರಿಹಾರದ ದಿನ ಅಪ್ಪ ಒಬ್ಬನೇ ಹೋಗಿ, ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿ ಬಂದ. ಎಡಗೈ ಹೆಬ್ಬೆರಳಿನ ಮಸಿಯನ್ನು ಮಣ್ಣಿಗೆ ತಿಕ್ಕಿ ತಿಕ್ಕಿ ತೆಗೆಯುತ್ತಿದ್ದದ್ದು ಇವತ್ತಿಗೂ ನನ್ನ ಕಣ್ಣ ಮುಂದಿದೆ. ಆಗಿನ 1894ರ ಕಾಯ್ದೆಯಲ್ಲಿ ಒಂದು ಸೂಕ್ಷ್ಮ ಇತ್ತು. 'ತಕರಾರಿನ ಮೇಲೆ ಹಣ ಪಡೆದಿದ್ದೇನೆ' ಎಂದು ಬರೆಸಿ ಹಣ ತೆಗೆದುಕೊಂಡು, ಗಡುವಿನೊಳಗೆ 18ನೇ ಕಲಮಿನಡಿ ಅರ್ಜಿ ಕೊಟ್ಟವರ ಪ್ರಕರಣ ಕೋರ್ಟಿಗೆ ಹೋಗುತ್ತಿತ್ತು. ತಕರಾರಿಲ್ಲದೆ ತೆಗೆದುಕೊಂಡವರಿಗೆ ಆ ಬಾಗಿಲು ಅಲ್ಲಿಗೇ ಮುಚ್ಚುತ್ತಿತ್ತು. ನಮ್ಮ ಬದುವಿನಾಚೆಯ ಹೊಲದವರು ಆ ಮಾತು ಬರೆಸಿದರು, ಹಲವು ವರ್ಷದ ಮೇಲೆ ಅವರಿಗೆ ದರ ಏರಿತು. ಅದೇ ಕರಿಮಣ್ಣು, ಅದೇ ನೀರು. ನಮಗೆ ಏರಲಿಲ್ಲ. ಅಪ್ಪ ಸಾಯುವವರೆಗೆ ಅದನ್ನು ಎತ್ತಿ ಆಡಲಿಲ್ಲ. ಆಡಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಈಗ ಮತ್ತೆ ಅದೇ ಗಳಿಗೆ ಬಂದಿದೆ. ನೀರು ಸದ್ಯ 519.60 ಮೀಟರಿಗೆ ನಿಲ್ಲುತ್ತದೆ. ಅದನ್ನು 524.256ಕ್ಕೆ ಏರಿಸಬಹುದೆಂದು ಕೃಷ್ಣಾ ನೀರಿನ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲೇ ಹೇಳಿತು. ಆ ನಾಲ್ಕೂವರೆ ಮೀಟರಿಗೆ ಎಪ್ಪತ್ತೈದು ಸಾವಿರ ಎಕರೆಗೂ ಹೆಚ್ಚು ಜಮೀನು ಮುಳುಗುತ್ತದೆ. ಈ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ಎಂದು ಗೊತ್ತುಮಾಡಿತು. ಒಳ್ಳೆಯದೇ. ಆದರೆ ಯಾವ ಹೊಲ ನೀರಾವರಿ, ಯಾವುದು ಒಣ ಎಂದು ಬರೆಯುವುದು ಪಹಣಿಯಲ್ಲಿ. ಪಹಣಿ ಓದುವ ಮಕ್ಕಳು ಮನೆಯಲ್ಲಿರಬೇಕು. 'ನನ್ನ ಓದಾತು' ಅಂದೆಯಲ್ಲ, ಆ ಓದು ಇದಕ್ಕೂ ಬೇಕವ್ವಾ.

ಇನ್ನು ನಿನ್ನ ಸಣ್ಣಜ್ಜನ ಕಾಲಿನ ವಿಷಯ. ನೀನು ಒಂಬತ್ತನೇ ಇಯತ್ತೆಯಲ್ಲಿದ್ದೆ. ಬಿಳಿಜೋಳಕ್ಕೆ ನೀರು ಹಾಯಿಸಲು ರಾತ್ರಿ ಕರೆಂಟು ಕೊಡುತ್ತಿದ್ದ ದಿನಗಳು. ಬದುವಿನ ಮೇಲೆ ಕೊಳಕುಮಂಡಲ ಕಚ್ಚಿತು. ನಾವು ಹಗ್ಗದಿಂದ ಪಿಂಡರಿ ಬಿಗಿದು ಕಟ್ಟಿದೆವು. ಹಾಗೆ ಕಟ್ಟಬಾರದು, ಕಾಲು ಅಲುಗಿಸದೆ ಬೇಗ ಆಸ್ಪತ್ರೆ ಮುಟ್ಟಿಸಬೇಕು ಎಂದು ಡಾಕ್ಟರ್ ಹೇಳಿದ್ದು ಆಮೇಲೆ. ಹತ್ತಿರದ ಆಸ್ಪತ್ರೆಯಲ್ಲಿ ದೀಪ ಉರಿಯುತ್ತಿತ್ತು, ಫ್ರಿಜ್ಜಿನಲ್ಲಿ ಹಾವಿನ ವಿಷದ ಮದ್ದೂ ಇತ್ತು. ಅದನ್ನು ಕೊಡುವ ಡಾಕ್ಟರ್ ಆ ರಾತ್ರಿ ಇರಲಿಲ್ಲ. ಮೈಗೆ ಆ ಮದ್ದು ಒಗ್ಗದಿದ್ದರೆ ಜೀವಕ್ಕೇ ಕುತ್ತು, ಡಾಕ್ಟರ್ ಇಲ್ಲದೆ ಕೊಡಲಾರೆ ಎಂದು ಅಲ್ಲಿದ್ದ ಹುಡುಗಿ ಅಳುತ್ತ ಕೈಮುಗಿದಳು. ಅವಳದು ತಪ್ಪಿಲ್ಲ. ಅಲ್ಲಿಂದ ವಿಜಯಪುರ ಮುಟ್ಟುವ ಹೊತ್ತಿಗೆ ತಮ್ಮನ ವಸಡಿನಿಂದ ರಕ್ತ ಒಸರುತ್ತಿತ್ತು. ಜೀವ ಉಳಿಯಿತು, ಎರಡು ಬೆರಳು ಹೋದವು. ಇವತ್ತೂ ಅವನು ಚಪ್ಪಲಿ ಮೆಟ್ಟುವಾಗ ಒಮ್ಮೆ ತಡೆಯುತ್ತಾನೆ, ನೀನೂ ನೋಡಿರುತ್ತಿ.

2024ರಲ್ಲಿ ನಮ್ಮ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ನಾನು ಆ ಸುದ್ದಿ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಎಣಿಕೆಗೆ ಬಂದ ಮೇಲೆ ಎಲ್ಲಿ ಎಷ್ಟು ಮದ್ದು, ಎಷ್ಟು ಡಾಕ್ಟರ್ ಬೇಕು ಎಂದು ಕೇಳಲು ಒಂದು ಆಧಾರ ಸಿಗುತ್ತದೆ.

ವಿಜಯಪುರದಲ್ಲಿ ಸೆಪ್ಟೆಂಬರಿನಿಂದ ಜನ ಧರಣಿ ಕೂತಿದ್ದಾರೆ, ಬರಲಿರುವ ಮೆಡಿಕಲ್ ಕಾಲೇಜು ಪೂರ್ತಿ ಸರ್ಕಾರದ್ದೇ ಆಗಬೇಕು, ಖಾಸಗಿ ಸಹಭಾಗಿತ್ವ ಬೇಡ ಎಂದು. ನಾನೂ ಒಂದು ದಿನ ಹೋಗಿ ಕೂತು ಬಂದೆ. ಅಲ್ಲಿ ಈಗಿರುವ ಎರಡು ಮೆಡಿಕಲ್ ಕಾಲೇಜುಗಳೂ ಖಾಸಗಿಯವು. ಅವು ಜನರಿಗೆ ಉಪಕಾರ ಮಾಡಿಲ್ಲ ಎನ್ನಲಾರೆ. ಆದರೆ ಸರ್ಕಾರಿ ಕಾಲೇಜು ಬಂದರೆ ನಮ್ಮಂಥ ಮನೆಯ ಹುಡುಗಿಗೆ ಕಟ್ಟಬಲ್ಲ ಫೀಸಿನಲ್ಲಿ ಸೀಟು ಸಿಗುತ್ತದೆ, ಅದರ ಆಸ್ಪತ್ರೆಯಲ್ಲಿ ಓದುತ್ತಿರುವ ಡಾಕ್ಟರುಗಳು ರಾತ್ರಿಯೆಲ್ಲ ಎಚ್ಚರ ಇರುತ್ತಾರೆ. ಸಣ್ಣಜ್ಜನಿಗೆ ಆ ರಾತ್ರಿ ಬೇಕಾಗಿದ್ದದ್ದು ಎಚ್ಚರ ಇರುವ ಒಬ್ಬ ಡಾಕ್ಟರ್.

ನಿನ್ನ ರೂಮಿನ ಹುಣಸಗಿ ಹುಡುಗಿಗೆ 371(ಜೆ) ಮೀಸಲಾತಿಯ ಪ್ರಮಾಣಪತ್ರ ಇದೆ, ನನಗಿಲ್ಲ ಎಂದು ಬೇಸರ ಮಾಡಿಕೊಂಡಿದ್ದಿ. ನಾರಾಯಣಪುರದ ಆಚೆಯ ಊರಿಗೂ ನಮಗೂ ಬಸ್ಸಿನಲ್ಲಿ ಏನು ಮಹಾ ದೂರ! ಅವರದು ನಿಜಾಮನ ಸೀಮೆ, ನಮ್ಮದು ಮುಂಬಯಿ ಸೀಮೆ, ಅಷ್ಟೇ ಫರಕು. ಆದರೂ ಅವಳ ಮೇಲೆ ಹೊಟ್ಟೆಕಿಚ್ಚು ಬೇಡ. ಅದು ಅವರಿಗೆ ಸುಮ್ಮನೆ ಸಿಕ್ಕಿಲ್ಲ. ವೈಜನಾಥ ಪಾಟೀಲರಂಥವರು ಬಹಳ ವರ್ಷ ಬೀದಿಯಲ್ಲಿ ನಿಂತ ಮೇಲೆ 2012ರಲ್ಲಿ ಸಂಸತ್ತು ಒಪ್ಪಿತು. ಅವರೂ 'ನಾ ಆತು' ಎಂದಿದ್ದರೆ ಅವಳ ಕೈಯಲ್ಲಿ ಆ ಕಾಗದ ಇರುತ್ತಿರಲಿಲ್ಲ.

ಕಾಲೇಜಿನ ವಿಷಯ ನಿನಗೇ ಹೆಚ್ಚು ಗೊತ್ತು. ಅತಿಥಿ ಉಪನ್ಯಾಸಕರು ಬರುವ ತನಕ ಅರ್ಥಶಾಸ್ತ್ರದ ಪಾಠವೇ ಶುರುವಾಗಲಿಲ್ಲ ಅಂದಿದ್ದಿ. ಯಾರನ್ನು ಕೇಳಿದಿರಿ ಎಂದರೆ 'ಕೇಳೋರು ಯಾರು?' ಅಂದಿ. ಮತದಾನದ ವಯಸ್ಸು ಹದಿನೆಂಟಕ್ಕೆ ಇಳಿದದ್ದು 1989ರಲ್ಲಿ. ಹೆಚ್ಚುಕಡಿಮೆ ಅದೇ ಹೊತ್ತಿಗೆ ನಮ್ಮ ರಾಜ್ಯದಲ್ಲಿ ಕಾಲೇಜು ಚುನಾವಣೆಗಳು ನಿಂತವು. ಹೊಡೆದಾಟ ಇತ್ತು, ಜಾತಿ ಇತ್ತು, ನಿಲ್ಲಿಸಿದವರಿಗೆ ಕಾರಣ ಇತ್ತು. ಆದರೆ ವಿಧಾನಸೌಧಕ್ಕೆ ಯಾರು ಹೋಗಬೇಕೆಂದು ಹೇಳಬಲ್ಲ ಮಕ್ಕಳಿಗೆ ತಮ್ಮ ಗ್ರಂಥಾಲಯ ಎಷ್ಟು ಗಂಟೆಗೆ ತೆರೆಯಬೇಕೆಂದು ಹೇಳುವ ಜಾಗ ಇಲ್ಲದಿರುವುದು ನನಗೆ ಸರಿ ಕಾಣುವುದಿಲ್ಲ. ಈಗ ಮತ್ತೆ ಚುನಾವಣೆಯ ಮಾತು ಎದ್ದಿದೆ. ಬಂದರೆ ನಿಲ್ಲು. ಸೋತರೂ ಚಿಂತೆಯಿಲ್ಲ. ಪಕ್ಷದವರು ಬಾವುಟ ತಂದುಕೊಟ್ಟರೆ ಮಾತ್ರ ಹಿಡಿಯಬೇಡ.

ಜಮಖಂಡಿ ಕಡೆಯ ಚಿಕ್ಕಪಡಸಲಗಿಗೆ ಒಮ್ಮೆ ಹೋಗಿ ಬಾ. ಸರ್ಕಾರ ಬ್ಯಾರೇಜು ಕಟ್ಟದಾಗ ರೈತರೇ ದುಡ್ಡು ಕೂಡಿಸಿ, ಕಲ್ಲು ಮಣ್ಣು ಹೊತ್ತು 1989ರಲ್ಲಿ ಕೃಷ್ಣೆಗೆ ಅಡ್ಡ ಕಟ್ಟಿದರು. ಮುಂದೆ ನಿಂತವರು ಸಿದ್ದು ನ್ಯಾಮಗೌಡರು. ಎರಡು ವರ್ಷಕ್ಕೆ ಅವರು ಬಾಗಲಕೋಟೆ ಲೋಕಸಭೆ ಚುನಾವಣೆಯಲ್ಲಿ ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು. ಹೆಗಡೆ ಸಣ್ಣ ಮನುಷ್ಯರೇನಲ್ಲ. ಆದರೆ ಜನ ಆ ಸಲ ಕಲ್ಲು ಹೊತ್ತವರನ್ನು ನೆನೆದರು. ರಾಜಕೀಯ ಎಂದರೆ ನನಗೆ ಮೊದಲು ನೆನಪಾಗುವುದು ಆ ಕಟ್ಟೆ. ಟಿವಿಯವರಿಗೆ ಬೇರೆ ಏನೋ ನೆನಪಾಗುತ್ತದೆ.

ನಿನ್ನ ಅಜ್ಜಿ ಕೂಗುತ್ತಿದ್ದಾಳೆ, ಎಳ್ಳ ಅಮಾವಾಸ್ಯೆಗೆ ಬರ್ತಾಳೋ ಇಲ್ಲೋ ಬರೀರಿ ಎಂದು. 19ಕ್ಕೆ ಇದೆ. ಹಿಂದಿನ ದಿನವೇ ಬಾ. ಸಜ್ಜೆ ರೊಟ್ಟಿ ಬಡಿಯಲು ಶುರುಮಾಡಿದ್ದಾಳೆ, ಶೇಂಗಾ ಹೋಳಿಗೆಗೆ ಬೆಲ್ಲ ತಂದಿದ್ದೇನೆ. ಉಳಿದಿರುವ ಎರಡೆಕರೆಯಲ್ಲಿ ಜೋಳ ಚೆನ್ನಾಗಿ ಎದ್ದಿದೆ, ಈ ಸಲ ಚರಗ ನೀನೇ ಚೆಲ್ಲಬೇಕು. ಬಸ್ಸು ನಮ್ಮ ಪುನರ್ವಸತಿ ಕೇಂದ್ರದ ಹತ್ತಿರ ನಿಲ್ಲದಿದ್ದರೆ ನಿಡಗುಂದಿಯಲ್ಲಿ ಇಳಿ, ಸಣ್ಣಜ್ಜ ಗಾಡಿ ತರುತ್ತಾನೆ.

ಮತದಾರರ ಪಟ್ಟಿಗೆ ಹೆಸರು ಸೇರಿಸುವ ನಮೂನೆ 6 ತಂದು ಇಟ್ಟಿದ್ದೇನೆ. ಮನೆ ವಿಳಾಸ, ನಿಮ್ಮಪ್ಪನ ಹೆಸರು ಬರೆದಾಗಿದೆ. ಸಹಿಯ ಜಾಗ ಖಾಲಿ ಬಿಟ್ಟಿದ್ದೇನೆ. ಬರುವಾಗ ಒಂದು ಫೋಟೊ ತಾ.

ನಿನ್ನ ಅಜ್ಜ